ಬಿಸಿಲಿಗೆ ಗೋಡೆ ಕಟ್ಟಿದ ಉಸ್ತಾದರು

ನಾಲ್ಕೇ ಪದಗಳಲ್ಲಿ ಉಸ್ತಾದರ ಕತೆ ಮುಗಿಸಿಬಿಟ್ಟರು. ‘ಮುಲ್ಜಿಮ್ ಫೌತ್. ಮಿಸಲ್ ಬಂದ್.’ ಆರೋಪಿ ತೀರಿಕೊಂಡಿದ್ದಾನೆ, ಕಡತ ಮುಚ್ಚಿದೆ. ಹುಮನಾಬಾದಿನ ನಮ್ಮ ಕಚೇರಿಯ ಗುಮಾಸ್ತ ಹಳೆಯ ರೂಢಿಯಂತೆ ಉರ್ದುವಿನಲ್ಲಿ ಗೀಚಿ, ಮಸಿ ಆರುವ ಮೊದಲೇ ಕಡತವನ್ನು ಮಡಚಿ ಕಪಾಟಿನೊಳಗೆ ಎಸೆದ. 1950ರ ಚಳಿಗಾಲ ಆಗಷ್ಟೇ ಶುರುವಾಗಿತ್ತು. ಎಸೆದ ಮೇಲೆ ಅವನು ಕೈ ಒರೆಸಿಕೊಂಡು ನನ್ನನ್ನು ಕೇಳಿದ್ದು, ಚಹಾ ತರಿಸಲೇನ್ರಿ ಎಂದು.

ಅಂದು ಹತ್ತಿದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಉಸ್ತಾದರ ಹೆಸರು ನನಗೆ ಚೆನ್ನಾಗಿ ಗೊತ್ತು, ಆದರೆ ಇಲ್ಲಿ ಬರೆಯುವುದಿಲ್ಲ. ಅದನ್ನು ಆರೋಪಿಯ ಹೆಸರೆಂದು ಬರೆದ ಕೈಗಳಲ್ಲಿ ನನ್ನದೂ ಒಂದು. ಮತ್ತೊಮ್ಮೆ ಬರೆಯುವ ಹಕ್ಕು ನನಗಿಲ್ಲ.

ಅವರು ಕಲ್ಯಾಣಿಯ ಗವಂಡಿ. ಈಗಿನ ಬಸವಕಲ್ಯಾಣವನ್ನು ಆಗ ಕಲ್ಯಾಣಿ ಎಂದೇ ಕರೆಯುತ್ತಿದ್ದೆವು. ಅವರ ಅಜ್ಜ, ಮುತ್ತಜ್ಜ ಎಲ್ಲರೂ ಅಲ್ಲೇ ಕಲ್ಲು, ಸುಣ್ಣದ ಗಚ್ಚಿನ ಕೆಲಸ ಮಾಡಿದವರು. ಊರಿನವರೆಲ್ಲ ಅವರನ್ನು ಉಸ್ತಾದರು ಎನ್ನುತ್ತಿದ್ದರು. ನಾನು ಅವರನ್ನು ಮೊದಲು ಕಂಡಿದ್ದು 1947ರ ಬೇಸಿಗೆಯಲ್ಲಿ. ನಾನು ಚಿಟಗುಪ್ಪದ ಒಕ್ಕಲು ಮನೆಯವನು. ಹೈದರಾಬಾದಿನಲ್ಲಿ ಓವರ್‌ಸಿಯರ್ ಪರೀಕ್ಷೆ ಮುಗಿಸಿ, ಸರಕಾರಿ ಕಟ್ಟಡಗಳನ್ನು ನೋಡಿಕೊಳ್ಳುವ ಇಲಾಖೆಗೆ ಹಂಗಾಮಿಯಾಗಿ ಸೇರಿದ್ದೆ. ಕಲ್ಯಾಣಿಯ ಒಂದು ಹಳೆಯ ಉಗ್ರಾಣವನ್ನು ದುರಸ್ತಿ ಮಾಡಿಸುವುದು ನನ್ನ ಮೊದಲ ಕೆಲಸ. ಬೂಟು ಹಾಕಿಕೊಂಡು, ಅಳತೆಯ ಟೇಪು ಹಿಡಿದು ಒಳಗೆ ಕಾಲಿಟ್ಟೆ. ಮೂಲೆಯಲ್ಲಿ ಕೂತಿದ್ದ ಮುದುಕರೊಬ್ಬರು ತಲೆ ಎತ್ತದೆ ಹೇಳಿದರು:

“ಬೂಟು ತಗದು ಬರ್ರಿ ಸಾಹೇಬ್ರ. ಮನಿ ಹ್ಯಾಂಗದ ಅಂತ ಮೊದಲು ಕಾಲಿಗಿ ತಿಳೀಬೇಕು.”

ಬೂಟು ತೆಗೆದೆ. ನೆಲ ತಣ್ಣಗಿತ್ತು. ಅವರು ಎದ್ದು ನನ್ನ ಮಣಿಕಟ್ಟು ಹಿಡಿದು ಹೊರಗೆ ಕರೆದುಕೊಂಡು ಹೋಗಿ, ಪಡುವಣ ಗೋಡೆಯ ಮೇಲೆ ನನ್ನ ಅಂಗೈ ಒತ್ತಿದರು. ಇಳಿಹೊತ್ತಿನ ಬಿಸಿಲಿಗೆ ಆ ಕೆಂಪು ಕಲ್ಲು ಹಂಚಿನ ಹಾಗೆ ಕಾದಿತ್ತು. ಕೈ ಕಿತ್ತುಕೊಂಡೆ. ಮತ್ತೆ ಒಳಗೆ ಎಳೆದುಕೊಂಡು ಬಂದು ಅದೇ ಗೋಡೆಯ ಒಳಮೈಗೆ ಕೈ ಹಚ್ಚಿಸಿದರು. ಮಣ್ಣಿನ ಕೊಡದ ಹಾಗೆ ತಂಪು.

“ಹೊರಗಿನ ಜಳ ಎಲ್ಲಿ ಹೋತು? ಕಲತೋರಿದ್ದೀರಿ, ಹೇಳ್ರಿ.”

“ಕಲ್ಲು ತಡೀತು,” ಅಂದೆ.

ಅವರ ಮುಖ ಕೆಂಪಾಯಿತು. “ತಡೀಲಿಲ್ಲ. ಕುಡೀತು. ಗ್ವಾಡಿ ಮಧ್ಯಾನದಿಂದ ಬಿಸಲು ಕುಡ್ಯಾಕತ್ತದ. ಈಚಿ ಕಡಿ ಬರೂದರಾಗ ಹೊತ್ತು ಮುಣಗಿರ್ತದ. ಆಗ ಬೆಳಕಿಂಡಿ ತಗದರ ಕುಡದಿದ್ದು ಕಾರ್ತದ, ಹೊರಗಿನ ತಂಪು ತುಂಬಕೋತದ. ಮತ್ತ ನಾಳಿಗಿ ಕುಡ್ಯಾಕ ತಯಾರ. ಇದು ತಿಳೀದ ಟೇಪ ಹಿಡಕೊಂಡು ಏನು ಅಳೀತೀರಿ?”

ಗೋಡೆ ಎಷ್ಟು ಭಾರ ಹೊರುತ್ತದೆ ಎಂದು ನನಗೆ ಕಲಿಸಿದ್ದರು. ಎಷ್ಟು ಬಿಸಿಲು ಹೊರುತ್ತದೆ ಎಂದು ಯಾವ ಮಾಸ್ತರರೂ ಹೇಳಿರಲಿಲ್ಲ. ಉಸ್ತಾದರಿಗೆ ಅದೊಂದೇ ವಿದ್ಯೆ. ನಾಲ್ಕು ಬೆರಳು ದಪ್ಪದ ಕಲ್ಲನ್ನು ದಾಟಲು ಬಿಸಿಲಿಗೆ ಎರಡು ತಾಸು ಬೇಕು ಎಂದು ಅವರ ಲೆಕ್ಕ. ಅದರ ಮೇಲೆ ಗೋಡೆಯ ದಪ್ಪ ಗೊತ್ತುಮಾಡುತ್ತಿದ್ದರು. ಮನೆಯ ಮೇಲಿನ ಮಣ್ಣಿನ ಮಾಳಿಗೆಗೆ ಕೆರೆಯಂಗಳದ ಬಿಳಿ ಮಣ್ಣೇ ಆಗಬೇಕು, ಅದೂ ಮೊಳಕೈ ಮುಳುಗುವಷ್ಟು. ಚಳಿಗಾಲದಲ್ಲಿ ಅದೇ ಗೋಡೆ ಹಗಲಿನ ಬಿಸಿಲನ್ನು ಸಂಜೆಗೆ ಕೂಡಿಟ್ಟು ಕೊಡುತ್ತದೆ, ಮುದುಕರ ಮೊಣಕಾಲಿಗೆ ಅದೇ ಔಷಧ ಎನ್ನುತ್ತಿದ್ದರು. ಯಾರದೇ ಮನೆಗೆ ಹೋಗಲಿ, ನಮಸ್ಕಾರಕ್ಕಿಂತ ಮೊದಲು ಕೆನ್ನೆಯನ್ನು ಗೋಡೆಗೆ ಒತ್ತಿ ನೋಡುತ್ತಿದ್ದರು. ನಡುಮಧ್ಯಾಹ್ನ ಕಿಟಕಿ ತೆರೆದಿಟ್ಟ ಮನೆಯಾಕೆಗೆ ಬೈಗುಳ ತಪ್ಪುತ್ತಿರಲಿಲ್ಲ.

ಬಯ್ಯುವುದು ಅವರಿಗೆ ಉಸಿರಾಟದಂತೆ. ಒಂದು ತಿಂಗಳೊಳಗೆ ‘ಸಾಹೇಬ್ರ’ ಹೋಗಿ ‘ಏ ಓವರ್‌ಸಿಯರ್’ ಆಯಿತು, ನೀವು ಹೋಗಿ ನೀನಾಯಿತು. ನನ್ನ ಕೈಗೆ ಗಚ್ಚು ಮೆತ್ತುವ ಥಾಪಿ ಕೊಟ್ಟು ನಾಲ್ಕು ವರಸೆ ಕಲ್ಲು ಕಟ್ಟಿಸಿದರು. ನೋಡಿ, ಒದ್ದು ಕೆಡವಿದರು. ಮತ್ತೆ ಕಟ್ಟಿಸಿದರು. ಹತ್ತಿರದ ಕೊಹಿನೂರು ಹಳ್ಳಿಯ ವ್ಯಾಪಾರಿಯೊಬ್ಬನ ಮನೆಯಲ್ಲಿ ಅವರ ಆಳುಗಳು ಗೋಡೆಯ ಹೊಟ್ಟೆಗೆ ಗಚ್ಚು ತುಂಬದೆ ಬರೀ ಚೂರುಕಲ್ಲು ಸುರಿದಿದ್ದರು. ಉಸ್ತಾದರು ಕೋಲಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಎರಡು ದಿನದ ಕೆಲಸವನ್ನು ಮಧ್ಯಾಹ್ನದೊಳಗೆ ಉರುಳಿಸಿದರು. ಮನೆಯ ಯಜಮಾನ ಕೂಗಾಡಿದ. ಇವರು ಕೈ ಝಾಡಿಸಿ ಹೇಳಿದರು: “ಮನಿ ನಿಮ್ಮದಿರಬೌದು. ಗ್ವಾಡಿ ನಂದು.”

ಅವರ ಸ್ವಂತ ಮನೆ ಚಿಕ್ಕದು. ಒಂದು ಅಂಗಳ, ಒಂದು ಪಡಸಾಲೆ, ಹಿಂದೆ ಒಂದೇ ಒಂದು ಕೋಣೆ. ಆ ಕೋಣೆಯ ತಂಪಿಗೆ ಇಡೀ ಓಣಿಯಲ್ಲಿ ಹೆಸರು. ಬೇಸಿಗೆಯಲ್ಲಿ ದಿನ ತುಂಬಿದ ಹೆಂಗಸರು, ಯಾವ ಜಾತಿಯವರೇ ಆಗಲಿ, ಅಲ್ಲಿಗೇ ಹೆರಿಗೆಗೆ ಬರುತ್ತಿದ್ದರು. ಆಗ ಉಸ್ತಾದರು ಅಂಗಳದ ಬೇವಿನ ಗಿಡದ ಕೆಳಗೆ ಹೊರಸು ಹಾಕಿಕೊಂಡು, ಒಳಗೆ ಯಾರು ಹೋದರೂ ಕದ ಬೇಗ ಮುಚ್ಚಿ ಎಂದು ಬಯ್ಯುತ್ತ ಕೂರುತ್ತಿದ್ದರು. ಅವರ ಹೆಂಡತಿಗೆ ಮಕ್ಕಳಿರಲಿಲ್ಲ. ನಾನು ಅಮ್ಮಾ ಎನ್ನುತ್ತಿದ್ದೆ, ಆಕೆ ನನ್ನನ್ನು ತಮ್ಮಾ ಎನ್ನುತ್ತಿದ್ದರು. ಒಮ್ಮೆ ಊಟಕ್ಕೆ ಬಡಿಸುತ್ತ ಹೇಳಿದ್ದರು, “ನಮ್ಮ ಕೋಣ್ಯಾಗ ಎಷ್ಟು ಕೂಸು ಹುಟ್ಟ್ಯಾವ ಅಂತ ನಂಗೂ ನೆಪ್ಪಿಲ್ಲ ತಮ್ಮಾ. ಹಾದ್ಯಾಗ ಹೋದರ ಎಲ್ಲಾ ನನ್ನವ ಅನಸ್ತಾವ.”

1948 ಬಂತು. ಆ ವರ್ಷ ನಮ್ಮ ಸೀಮೆಯಲ್ಲಿ ನಡೆದದ್ದನ್ನು ಕಂಡವರು ಇವತ್ತಿಗೂ ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಮೊದಲು ಒಂದು ಕಡೆಯವರು ಮನೆಗಳನ್ನು ಸುಟ್ಟರು. ನಿಜಾಮರ ಆಳ್ವಿಕೆ ಮುಗಿದ ಮೇಲೆ ಇನ್ನೊಂದು ಕಡೆಯವರು ಸುಟ್ಟರು. ಉಸ್ತಾದರ ಮನೆ ಹೋದದ್ದು ಎರಡನೆಯ ಸಲ. ತೊಲೆಗಳಿಗೆ ಬೆಂಕಿ ಹತ್ತಿ ಮಾಳಿಗೆಯ ಮಣ್ಣೆಲ್ಲ ಆ ಕೋಣೆಯೊಳಗೆ ಕುಸಿಯಿತು. ಗಂಡಹೆಂಡಿರು ಅಂದು ನೆರೆಯ ಲಿಂಗಾಯತರ ಹಿತ್ತಲಲ್ಲಿ ಅಡಗಿ ಜೀವ ಉಳಿಸಿಕೊಂಡರು. ಬೆಂಕಿ ಇಟ್ಟವರು ಯಾರೆಂದು ಅವರು ಹೇಳಲಿಲ್ಲ. ನಾನು ಕೇಳಲಿಲ್ಲ. ತಿಂಗಳ ಮೇಲೆ ನೋಡಲು ಹೋದಾಗ ಬೂದಿಯ ನಡುವೆ ನಿಂತು ಗೋಡೆಗೆ ಕೆನ್ನೆ ಇಟ್ಟಿದ್ದರು.

“ಗ್ವಾಡಿ ಹಂಗ ಅದಾವ,” ಅಂದರು.

ಆಮೇಲೆ ಹೆಂಡತಿಯನ್ನು ಕರೆದುಕೊಂಡು ಹುಮನಾಬಾದಿಗೆ, ತಂಗಿಯ ಮನೆಗೆ ಬಂದರು. ನನಗೂ ಅಲ್ಲಿಗೇ ವರ್ಗವಾಗಿತ್ತು.

ಹೊಸ ಸರಕಾರ, ಹೊಸ ಹುರುಪು. ಹುಮನಾಬಾದಿನ ದವಾಖಾನೆಗೆ ಒಂದು ಹೆರಿಗೆ ಕಟ್ಟಡ ಮಂಜೂರಾಯಿತು. ಒಳ್ಳೆಯ ಕೆಲಸವೇ. ಆದರೆ ನಕ್ಷೆ ಎಲ್ಲಿಂದಲೋ ತಯಾರಾಗಿ ಬಂತು. ಒಂದು ಇಟ್ಟಿಗೆ ದಪ್ಪದ ಗೋಡೆ, ಮೇಲೆ ಬರೀ ತಗಡು. ಉದ್ದನೆಯ ಮಗ್ಗುಲು, ಬಾಗಿಲು, ಕಿಟಕಿ ಎಲ್ಲವೂ ಪಡುವಣಕ್ಕೆ. ಉಸ್ತಾದರಿಗೆ ಇಂಗ್ಲಿಷು ಬರುತ್ತಿರಲಿಲ್ಲ, ಗೆರೆ ಓದಲು ಬರುತ್ತಿತ್ತು. ನಕ್ಷೆಯ ಮೇಲೆ ಬೆರಳಿಟ್ಟರು.

“ಬಿಸಲು ಬೀಳೂ ಕಡೀನ ಬಾಗಲಾ ಯಾಕ ಇಟ್ಟಾರ?”

“ರಸ್ತಾ ಆ ಕಡಿ ಅದ ಉಸ್ತಾದ್ರ. ಹೋಗೂ ಬರೂ ಮಂದಿಗಿ ಕಾಣಬೇಕಂತ.”

“ಹಡ್ಯಾಕ ಬಂದಾಕಿ ಒಳಗಿರ್ತಾಳೋ, ರಸ್ತಾದ ಮ್ಯಾಲಿರ್ತಾಳೋ?”

ಮರುದಿನ ಅವರು ಇಂಜಿನಿಯರರನ್ನು ಕಾಣಲೇಬೇಕೆಂದು ಹಟ ಹಿಡಿದರು. ಇಂಜಿನಿಯರರು ಮುಂಬಯಿ ಕಡೆಯಿಂದ ಬಂದವರು, ಇಸ್ತ್ರಿ ಕೆಡದ ಅಂಗಿಯವರು. ಕೆಲಸದ ಜಾಗದಲ್ಲಿ ತಗಡುಗಳು ಆಗಲೇ ಬಂದು ಬಿದ್ದಿದ್ದವು. ಉಸ್ತಾದರು ಎರಡು ಬಟ್ಟಲಲ್ಲಿ ಬೆಣ್ಣೆ ತಂದಿದ್ದರು. ಒಂದನ್ನು ಓರೆಯಾಗಿ ನಿಲ್ಲಿಸಿದ ತಗಡಿನ ಕೆಳಗಿಟ್ಟರು. ಇನ್ನೊಂದನ್ನು ಹತ್ತಿರದ ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ದಪ್ಪ ಗೋಡೆಯ ಹಳೆಯ ಕಾಳಿನ ಕೋಣೆಯೊಳಗೆ ಇರಿಸಿ ಬಂದರು. ಒಂದು ತಾಸು ಕಳೆದ ಮೇಲೆ ಎರಡನ್ನೂ ತಂದು ಇಂಜಿನಿಯರರ ಮೇಜಿನ ಮೇಲಿಟ್ಟರು. ಒಂದರಲ್ಲಿ ಉಂಡೆ ಉಂಡೆಯಾಗೇ ಇತ್ತು. ಇನ್ನೊಂದರಲ್ಲಿ ಎಣ್ಣೆಯಂಥ ನೀರು.

ಇಂಜಿನಿಯರರು ನಕ್ಕರು. “ನಾವೇನು ಬೆಣ್ಣಿ ಇಡಲಿಕ್ಕೆ ಕಟ್ಟಲಿಕ್ಹತ್ತಿಲ್ಲಪಾ.”

“ಹೌದ್ರಿ,” ಅಂದರು ಉಸ್ತಾದರು. “ಬೆಣ್ಣಿಗಿಂತ ಮೆತ್ತಗಿಂದು ಇಡಾಕ ಕಟ್ಟಾಕತ್ತೀರಿ.”

ನಗು ನಿಂತಿತು. ಮಣ್ಣಿನ ಮಾಳಿಗೆಯೆಲ್ಲ ನವಾಬರ ಕಾಲಕ್ಕೆ ಮುಗಿಯಿತು, ಜನಕ್ಕೆ ಹೊಸದು ಕಾಣಬೇಕು, ಉದ್ಘಾಟನೆಯ ದಿನ ಗೊತ್ತಾಗಿದೆ ಎಂದು ಇಂಜಿನಿಯರರು ಹೇಳಿದರು. ಉಸ್ತಾದರು ಅಷ್ಟಕ್ಕೂ ಬಿಡಲಿಲ್ಲ. ದಪ್ಪ ಗೋಡೆ ಬೇಡವೆಂದರೆ ಬೇಡ, ತಗಡೂ ಇರಲಿ. ತಗಡಿನ ಕೆಳಗೆ ಜಂತಿ ಜೋಡಿಸಿ, ಹುಲ್ಲು ಹಾಸಿ, ಒಂದು ಗೇಣು ಮಣ್ಣು ಮೆತ್ತಲು ಬಿಡಿ, ಹದಿನೈದು ದಿನ ಸಾಕು, ಆಳುಗಳನ್ನು ನಾನೇ ಕರೆತರುತ್ತೇನೆ ಎಂದು ಕೈ ಮುಗಿದು ಕೇಳಿದರು. ಅವರು ಯಾರಿಗಾದರೂ ಕೈ ಮುಗಿದದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

“ಕಾಲ ಬದಲಾಗೇದ ಉಸ್ತಾದ. ನಿಮಗ ತಿಳಿಯಂಗಿಲ್ಲ,” ಅಂದರು ಇಂಜಿನಿಯರರು.

“ಸರಕಾರ ಬದಲಾಗ್ಯದ, ಖರೆ ಅದ. ಬ್ಯಾಸಗಿ ಹಳೇದ ಅದರಿ.”

ಇಂಜಿನಿಯರರು ನನ್ನ ಕಡೆ ತಿರುಗಿ, “ನೀ ಏನಂತೀ?” ಎಂದು ಕೇಳಿದರು. ಎರಡು ಬೇಸಿಗೆ ಆ ಗೋಡೆಗಳನ್ನು ಮುಟ್ಟಿ ಕಲಿತವನು ನಾನು. ನಕ್ಷೆಯ ಪ್ರಕಾರವೇ ಮಾಡೋಣ ಸರ್ ಎಂದೆ. ನನ್ನ ನೌಕರಿ ಆಗ ಕಾಯಂ ಆಗಿರಲಿಲ್ಲ. ಉಸ್ತಾದರು ಬಟ್ಟಲುಗಳನ್ನು ಎತ್ತಿಕೊಂಡು ಹೋದರು. ಆ ಕೆಲಸಕ್ಕೆ ಅವರು ಒಂದು ಕಲ್ಲನ್ನೂ ಮುಟ್ಟಲಿಲ್ಲ.

ಉದ್ಘಾಟನೆ ಚೆನ್ನಾಗೇ ಆಯಿತು. ಬಿಳಿ ಸುಣ್ಣ, ಹಸಿರು ಬಾಗಿಲು, ಹೊಳೆಯುವ ತಗಡು. ಮಾಲೆಗಳು, ಭಾಷಣಗಳು. ಕತ್ತಲೆಯಿಂದ ಬೆಳಕಿಗೆ ಬಂದೆವೆಂದು ಒಬ್ಬರು ಹೇಳಿದರು. ಜನ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ.

ಯುಗಾದಿ ಕಳೆಯಿತು. ತಗಡು ಕಾಯತೊಡಗಿತು. ಹೊತ್ತೇರುವಾಗ ಅದು ಹಿಗ್ಗಿ ಟಕ್ ಟಕ್ ಎನ್ನುವುದು ರಸ್ತೆಯವರೆಗೆ ಕೇಳುತ್ತಿತ್ತು. ದವಾಖಾನೆಯ ನರ್ಸಬಾಯಿ ಬೀದರ ಕಡೆಯವರು, ಐವತ್ತು ದಾಟಿದವರು, ಗಟ್ಟಿ ಬಾಯಿಯವರು. ಕಿಟಕಿಗೆಲ್ಲ ಗೋಣಿತಟ್ಟು ಕಟ್ಟಿ ನೀರು ಚಿಮುಕಿಸಿದರು. ಬಾವಿ ತಳ ಕಂಡ ಮೇಲೆ ಅದೂ ನಿಂತಿತು. ನನ್ನನ್ನು ಕರೆಸಿ, “ಈ ಒಲಿ ನೀವ ಹೂಡಿಸೀರೇನು?” ಎಂದು ಕೇಳಿದರು. ಮೇಲಿನವರಿಗೆ ಬರೆಯುತ್ತೇನೆ ಎಂದೆ. ಬರೆಯಲಿಲ್ಲ.

ಮೇ ತಿಂಗಳಲ್ಲಿ ಘಾಟಬೋರಾಳದಿಂದ ಒಬ್ಬಳು ಚೊಚ್ಚಲ ಬಸುರಿ ಗಾಡಿಯಲ್ಲಿ ಬಂದಳು. ಜೊತೆಗೆ ಅತ್ತೆ. ಊರೂರಿಗೆ ಹೋಗಿ ಮನೆಯಲ್ಲಿ ಹೆರಬೇಡಿ, ದವಾಖಾನೆಗೆ ಬನ್ನಿ ಎಂದು ಕರೆದವರು ನಮ್ಮವರೇ. ಮುಂಜಾನೆ ಹೆರಿಗೆ ಸಲೀಸಾಗಿ ಆಯಿತು. ಹೆಣ್ಣು ಕೂಸು, ಗಟ್ಟಿಯಾಗಿ ಅತ್ತಿತಂತೆ. ಅದೇ ದಿನ ಇಳಿಹೊತ್ತಿಗೆ ಕೂಸಿನ ಮೈ ಕೆಂಡವಾಯಿತು. ಮರುದಿನ ಹಾಲು ಕುಡಿಯುವುದನ್ನು ಬಿಟ್ಟಿತು. ಅತ್ತೆ ಸೆರಗಿನಿಂದ ಗಾಳಿ ಹಾಕುತ್ತಲೇ ಇದ್ದಳು. ಕಾದ ಗಾಳಿಯನ್ನು ಎಷ್ಟು ಬೀಸಿದರೇನು?

ನರ್ಸಬಾಯಿ ನನಗೆ ಹೇಳಿ ಕಳಿಸಿದರು. ನಾನು ಹೋಗುವ ಮೊದಲೇ ಉಸ್ತಾದರು ಅಲ್ಲಿದ್ದರು. ಅವರು ಆಗ ಗಂಜಿನಲ್ಲಿ ಒಂದು ಗೋಡೆ ದುರಸ್ತಿ ಮಾಡುತ್ತಿದ್ದರು. ನೀರು ಹೊರುವವಳು ಸುದ್ದಿ ಹೇಳಿದ್ದಳು. ಇಬ್ಬರು ಹಮಾಲರನ್ನು ಕರೆತಂದು, ಬಾಣಂತಿಯನ್ನು ಮಂಚ ಸಮೇತ ಎತ್ತಿಸಿ, ಗಂಜಿನ ಅದೇ ಕಾಳಿನ ಕೋಣೆಗೆ ಸಾಗಿಸಿದರು. ಕೋಣೆಯ ಯಜಮಾನ, ಅಡತಿ ವ್ಯಾಪಾರಿ, ಒಂದು ಮಾತೂ ಆಡದೆ ಜೋಳದ ಚೀಲಗಳನ್ನು ಸರಿಸಿ ಜಾಗ ಮಾಡಿಕೊಟ್ಟ. ಆ ತಂಪಿಗೆ ತಾಯಿ ಕಣ್ಣು ಬಿಟ್ಟು ನೀರು ಕೇಳಿದಳು, ಉಳಿದಳು. ಕೂಸು ದೀಪ ಹಚ್ಚುವ ಹೊತ್ತಿಗೆ ಹೋಯಿತು.

ಅತ್ತೆ ಅಳಲಿಲ್ಲ. ನನ್ನನ್ನು ಸರಕಾರದವನೆಂದು ಗುರುತಿಸಿ ಹತ್ತಿರ ಬಂದಳು.

“ಒಂದು ಮಾತು ಕೇಳ್ತೀನ್ರಿ ಸಾಹೇಬ್ರ. ನಮ್ಮದು ಮಣ್ಣಿನ ಮನಿ ಅದ. ಮನ್ಯಾಗ ಹಡದಿದ್ದರ ಕೂಸು ಉಳೀತಿತ್ತೇನ್ರಿ?”

ನನಗೆ ಉತ್ತರ ಗೊತ್ತಿತ್ತು.

ಮರುದಿನ ಮಧ್ಯಾಹ್ನ ಉಸ್ತಾದರು ಇಂಜಿನಿಯರರ ಬಂಗಲೆಯ ಮುಂದೆ ನಿಂತರು. ಅವರು ಕೇಳಿದ್ದು ಇಷ್ಟೇ: “ಒಂದು ತಾಸು ಬಂದು ಆ ತಗಡಿನ ಕೆಳಗ ಕುಂಡ್ರಿ. ಆಮ್ಯಾಲ ನೀವು ಹೇಳಿದಂಗ ಕೇಳ್ತೀನಿ.” ಇಂಜಿನಿಯರರು ಬಾಗಿಲ ತಡಿಕೆಯ ಹಿಂದಿನಿಂದಲೇ ನನ್ನ ಹೆಸರು ಹೇಳಿ, ಅವನು ಕೂರುತ್ತಾನೆ, ಕರೆದುಕೊಂಡು ಹೋಗು ಎಂದರು.

ಕೂತೆ. ಉಸ್ತಾದರು ನನ್ನ ಎದುರಿಗೆ ಕೂತರು. ಕಬ್ಬಿಣದ ಮಂಚ ಮುಟ್ಟಿದರೆ ಸುಡುತ್ತಿತ್ತು. ನೆತ್ತಿಯ ಮೇಲೆ ಯಾರೋ ಕಾದ ತವೆ ಹಿಡಿದಂತೆ. ಮೊದಮೊದಲು ಬೆವರಿದೆ, ಆಮೇಲೆ ಬೆವರು ನಿಂತಿತು, ಕಿವಿಯಲ್ಲಿ ಸದ್ದು ಶುರುವಾಯಿತು. ತಾಸು ತುಂಬುವ ಮೊದಲೇ ಎದ್ದು ಹೊರಗೆ ಬಂದು ಗೋಡೆಯ ಬುಡದಲ್ಲಿ ವಾಂತಿ ಮಾಡಿಕೊಂಡೆ. ಉಸ್ತಾದರು ತಂಬಿಗೆಯಿಂದ ನನ್ನ ತಲೆಗೆ ನೀರು ಹಾಕಿದರು.

“ಇಪ್ಪತ್ತೈದು ವರ್ಷದ ಗಂಡಸು ನೀ. ಆ ಕೂಸಿಗಿ ಎರಡು ದಿನ ತುಂಬಿದ್ದಿಲ್ಲ. ಎದ್ದು ಹೋಗಾಕ ಅದಕ್ಕ ಕಾಲಿದ್ದಿಲ್ಲ. ಈಗ ಬರಿ. ನಿಂಗ ಬರ್ಯಾಕ ಬರ್ತದ, ನಂಗ ಬರಂಗಿಲ್ಲ. ಕಂಡಿದ್ದಷ್ಟ ಬರಿ.”

ಬರೆದೆ. ಅಂದು ಸಂಜೆಯೇ ಕೂತು, ಗೋಡೆ ಎಷ್ಟು ದಪ್ಪವಿರಬೇಕಿತ್ತು, ಛಾವಣಿಗೆ ಏನು ಬೇಕಿತ್ತು, ಏನಾಯಿತು, ಎಲ್ಲವನ್ನೂ ಎರಡು ಹಾಳೆ ಬರೆದು ಇಂಜಿನಿಯರರ ಮುಂದಿಟ್ಟೆ. ಅವರು ನಿಧಾನವಾಗಿ ಓದಿದರು. ಬಯ್ಯಲಿಲ್ಲ, ಹರಿಯಲಿಲ್ಲ. ಮೇಜಿನ ಮೇಲಿದ್ದ ಇನ್ನೊಂದು ಕಾಗದವನ್ನು ಅದರ ಪಕ್ಕಕ್ಕೆ ಎಳೆದಿಟ್ಟರು.

“ಇದು ನಿನ್ನ ಕಾಯಂ ಮಾಡೂ ಕಾಗದ. ಎರಡೂ ಮ್ಯಾಲೆ ಹೋಗಬೇಕಾದವು. ಯಾವುದು ಮೊದಲು ಕಳಸ್ಲಿ, ನೀನ ಹೇಳು.”

ನಾನು ನನ್ನ ಎರಡು ಹಾಳೆಗಳನ್ನು ತೆಗೆದುಕೊಂಡು, ಮಡಚಿ, ಕಿಸೆಗೆ ಹಾಕಿಕೊಂಡೆ. ಹೊರಗೆ ಉಸ್ತಾದರು ಕಾದಿದ್ದರು. “ಕಳಸ್ದಿ?” ಎಂದು ಕೇಳಿದರು. ಹೂಂ ಎಂದೆ.

ಈ ಬರಹದಲ್ಲಿ ಇಂಜಿನಿಯರರನ್ನು ಕೆಟ್ಟವರೆಂದು ತೋರಿಸಿ ನಾನು ತಪ್ಪಿಸಿಕೊಳ್ಳಬಹುದು. ಅವರು ಬಿಸಿಲನ್ನು ತಿಳಿಯದವರು, ತಿಳಿಯಲು ಮನಸ್ಸಿಲ್ಲದವರು. ನಾನು ತಿಳಿದವನು. ಮೂಲೆಯಲ್ಲಿ ಕೂತ ಮುದುಕರೊಬ್ಬರು ನನ್ನ ಕೈ ಹಿಡಿದು ತಿಳಿಸಿಕೊಟ್ಟಿದ್ದರು.

ಉಸ್ತಾದರು ಎಂಟು ದಿನ ಕಾದರು. ಒಂಬತ್ತನೆಯ ದಿನ ಕಚೇರಿಗೆ ಬಂದು ಗುಮಾಸ್ತನನ್ನೇ ವಿಚಾರಿಸಿದರು. ಅಂಥ ಕಾಗದ ಯಾವುದೂ ಹೋಗಿಲ್ಲ ಎಂದು ಅವನು ಹೇಳಿದ. ನಾನು ನನ್ನ ಮೇಜಿನಲ್ಲೇ ಕೂತಿದ್ದೆ. ಅವರು ನನ್ನನ್ನು ನೋಡಿದರು. ಬಯ್ಯುತ್ತಾರೆಂದು ಕಾದೆ. ಬಯ್ಯದೆ ಹೊರಟುಹೋದರು.

ನೇರ ಹೋಗಿದ್ದು ಹೆರಿಗೆ ಕಟ್ಟಡಕ್ಕೆ. ಒಳಗಿದ್ದ ಇಬ್ಬರು ಹೆಂಗಸರನ್ನು ನರ್ಸಬಾಯಿಯ ಜೊತೆ ಗಂಜಿಗೆ ಕಳಿಸಿದರು. ಆಮೇಲೆ ಏಣಿ ಹಚ್ಚಿ, ಪಾನಾ ಹಿಡಿದು ಮೇಲೇರಿದರು. ಅರವತ್ತು ದಾಟಿದ ಮನುಷ್ಯ, ನಡುಮಧ್ಯಾಹ್ನ, ಅಂಗೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಒಂದೊಂದೇ ನಟ್ಟು ಬಿಚ್ಚಿ ತಗಡು ಇಳಿಸತೊಡಗಿದರು. ಜನ ಸೇರಿತು. ಇಳಿದು ಬಾ ಎಂದು ಪೊಲೀಸರು ಕೂಗಿದರು. “ಇನ್ನ ನಾಕ ಅದಾವ, ತಡೀರಿ,” ಎಂದರಂತೆ. ನಾನು ಹೋಗುವಷ್ಟರಲ್ಲಿ ಅವರ ಕೈಗೆ ಹಗ್ಗ ಬಿದ್ದಿತ್ತು. ತಗಡುಗಳನ್ನು ಗೋಡೆಗೆ ಆನಿಸಿ ಸಾಲಾಗಿ ಜೋಡಿಸಿಟ್ಟಿದ್ದರು. ಒಂದೂ ಮಣಿದಿರಲಿಲ್ಲ. ನಟ್ಟುಗಳು ಒಂದು ಬುಟ್ಟಿಯಲ್ಲಿದ್ದವು.

ಕೇಸಿನಲ್ಲಿ ಬರೆದದ್ದು, ಸರಕಾರಿ ಇಮಾರತಿನ ನಾಶ. ಠಾಣೆಯಲ್ಲಿ ಅವರನ್ನು ಕೇಳಿದ ಪ್ರಶ್ನೆ ಬಿಸಿಲಿನದ್ದಲ್ಲ, ಕೂಸಿನದ್ದಲ್ಲ. ಯಾರ ಮಾತು ಕೇಳಿ ಮಾಡಿದೆ, ನಿನ್ನ ಹಿಂದೆ ಯಾವ ಮಂದಿ ಇದ್ದಾರೆ ಎಂದು. ಆ ದಿನಗಳಲ್ಲಿ ಅವರ ಹೆಸರಿನ ಮನುಷ್ಯನಿಗೆ ಆ ಪ್ರಶ್ನೆ ಸುಲಭವಾಗಿ ಬರುತ್ತಿತ್ತು. ಸ್ವಂತ ಮನೆ ಸುಟ್ಟಾಗ ಯಾರ ಹೆಸರನ್ನೂ ಹೇಳದವರು ಇಲ್ಲಿ ಹೇಳಿದ್ದು ಒಂದೇ ಮಾತು. “ಧಗಿ ಆಗಿತ್ತು. ತಗದೆ.”

ನನ್ನ ಹೇಳಿಕೆ ಪಡೆದರು. ಕಟ್ಟಡ ನಕ್ಷೆಯ ಪ್ರಕಾರ ಇತ್ತೇ? ಇತ್ತು. ತಗಡು ತೆಗೆಯಲು ಇವನಿಗೆ ಪರವಾನಗಿ ಇತ್ತೇ? ಇರಲಿಲ್ಲ. ಎರಡೂ ನಿಜ. ತಗಡುಗಳು ಕೆಟ್ಟಿಲ್ಲ, ಒಂದು ಕೂಸು ಸತ್ತಿದೆ, ಇವರು ಮೊದಲೇ ಎಚ್ಚರಿಸಿದ್ದರು ಎಂಬುದನ್ನು ಯಾರೂ ಕೇಳಲಿಲ್ಲ. ಕೇಳದಿದ್ದರೂ ಹೇಳಬಹುದಿತ್ತು. ಸಹಿ ಮಾಡಿ ಎದ್ದು ಬಂದೆ.

ಮೂರು ವಾರ ಅವರನ್ನು ಒಳಗಿಟ್ಟರು. ಬಿಡಿಸಿದ್ದು ನಾನಲ್ಲ. ನರ್ಸಬಾಯಿ ತಹಶೀಲ್ದಾರರ ಮನೆಯ ಕಟ್ಟೆಯ ಮೇಲೆ ದಿನಾ ಹೋಗಿ ಕೂತರು. ಗಂಜಿನ ವ್ಯಾಪಾರಿ ಜಾಮೀನು ನಿಂತ. ಕೇಸು ಮಾತ್ರ ಹಾಗೇ ಉಳಿಯಿತು, ಸರಕಾರಿ ಕೆಲಸದ ಹತ್ತಿರ ಅವರನ್ನು ಸೇರಿಸಬಾರದೆಂದು ಹುಕುಂ ಬಂತು. ತಗಡನ್ನು ವಾರದೊಳಗೆ ಮತ್ತೆ ಕೂರಿಸಿದರು. ನಿಂತು ಕೂರಿಸಿದವನು ನಾನೇ. ನನ್ನ ನೌಕರಿ ಕಾಯಂ ಆಯಿತು.

ಮುಂದಿನ ಬೇಸಿಗೆಗೆ ಗಂಜಿನ ಆ ವ್ಯಾಪಾರಿ ಕಾಳಿನ ಕೋಣೆಯನ್ನು ಖಾಲಿ ಮಾಡಿ ನರ್ಸಬಾಯಿಯ ವಶಕ್ಕೆ ಕೊಟ್ಟ. ಉಸ್ತಾದರು ಚಳಿಗಾಲವಿಡೀ ಅಲ್ಲಿ ಕೆಲಸ ಮಾಡಿದ್ದರು. ಗೋಡೆಯ ಬಿರುಕಿಗೆ ಗಚ್ಚು ತುಂಬಿ, ಮಾಳಿಗೆಗೆ ಹೊಸ ಬಿಳಿ ಮಣ್ಣು ಹಾಕಿ ಬಡಿದು, ಮೇಲುಗಡೆ ಎರಡು ಬೆಳಕಿಂಡಿ ತೆಗೆದು, ಅವುಗಳನ್ನು ಕೆಳಗಿನಿಂದಲೇ ಮುಚ್ಚಿ ತೆರೆಯಲು ಹಗ್ಗ ಕಟ್ಟಿದ್ದರು. 1950ರ ಬೇಸಿಗೆಯಲ್ಲಿ ತಗಡಿನ ಕೆಳಗೆ ಒಬ್ಬಳೂ ಹೆರಲಿಲ್ಲ. ಎಲ್ಲ ಕೂಸುಗಳೂ ಗಂಜಿನಲ್ಲಿ ಹುಟ್ಟಿದವು. ದಫ್ತರದಲ್ಲಿ ಅವೆಲ್ಲ ಸರಕಾರಿ ಕಟ್ಟಡದ ಹೆರಿಗೆಗಳೆಂದು ದಾಖಲಾದವು. ಕಟ್ಟಡ ಚೆನ್ನಾಗಿ ಉಪಯೋಗವಾಗುತ್ತಿದೆ ಎಂದು ಇಂಜಿನಿಯರರಿಗೆ ಮೇಲಿನಿಂದ ಶಾಬಾಸಿ ಬಂತು, ಬಡತಿಯೂ ಆಯಿತು.

ಆ ಬೇಸಿಗೆಯ ಒಂದು ಮಧ್ಯಾಹ್ನ ಧೈರ್ಯ ಮಾಡಿ ಆ ಕೋಣೆಗೆ ಹೋದೆ. ಬಾಗಿಲಲ್ಲೇ ಚಪ್ಪಲಿ ಬಿಟ್ಟೆ. ಉಸ್ತಾದರು ಹೊರಗಿನ ಕಟ್ಟೆಯ ಮೇಲಿದ್ದರು, ಕೃಶರಾಗಿದ್ದರು, ಕೆಮ್ಮುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು.

“ಬರ್ರಿ ಸಾಹೇಬ್ರ. ಕುಂಡ್ರಿ.”

“ಕುಂಡ್ರಿ ಉಸ್ತಾದ್ರ, ನೀವು ಯಾಕ ಎದ್ರಿ? ಬೆಳಕಿಂಡಿ ಎಷ್ಟು ಅಗಲ ಇಟ್ಟೀರಿ ಅಂತ ನೋಡಬೇಕಾಗಿತ್ತು.”

“ನಿಮಗ್ಯಾಕ ತ್ರಾಸ, ಸಾಹೇಬ್ರ. ಬಿಸಲಾಗ ಬಂದೀರಿ, ನೀರು ಕುಡೀರಿ.”

ಒಂದು ಬೈಗುಳವಿಲ್ಲ. ನಾನು ಅಳತೆಯನ್ನು ತಪ್ಪಾಗಿ ಹೇಳಿದೆ, ಬೇಕೆಂದೇ. ಹೌದ್ರಿ, ಹಂಗೂ ಮಾಡಬೌದ್ರಿ ಎಂದರು. ನೀರು ಕುಡಿದು ಬಂದುಬಿಟ್ಟೆ.

ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು, ಮಣ್ಣಾದ ಮೇಲೆ. ಅವರ ತಂಗಿಯ ಮನೆಗೆ ಹೋದೆ. ಅವರ ಹೆಂಡತಿ ಒಳಗಿನಿಂದ ಬಂದು ನನಗೆ ಚಾಪೆ ಹಾಸಿ, ಬಾಗಿಲ ಮರೆಯಲ್ಲಿ ಕೂತರು. ಮೊದಲಿನಂತೆಯೇ ತಮ್ಮಾ ಎಂದರು. ಕೆಮ್ಮು ಲಾಕಪ್ಪಿನಿಂದ ಬಂದದ್ದು, ಹೋಗಲೇ ಇಲ್ಲ ಎಂದರು. ಕಲ್ಯಾಣಿಯ ಕೋಣೆಗೆ ಮತ್ತೆ ತೊಲೆ ಹಾಕಿಸಬೇಕೆಂದು ಕೊನೆಯವರೆಗೂ ಹೇಳುತ್ತಿದ್ದರಂತೆ.

ನಾನು ಕೊನೆಗೆ ಕೇಳಿದೆ. “ಅಮ್ಮಾ, ನನ್ನ ಮ್ಯಾಲ ಅವರಿಗಿ ಭಾಳ ಸಿಟ್ಟಿತ್ತೇನು?”

ಆಕೆ ನನ್ನ ಮುಖ ನೋಡಿದರು. ಸುಳ್ಳು ಹೇಳಿ ಸಮಾಧಾನ ಮಾಡಬಹುದಾಗಿತ್ತು. ಆಮೇಲೆ ಹೇಳಿದ್ದು ಸಮಾಧಾನದ ಮಾತೆಂದೇ ಆಕೆ ತಿಳಿದಿರಬೇಕು.

“ಇಲ್ಲ ತಮ್ಮಾ. ಅವರು ಸಿಟ್ಟು ಮಾಡ್ತಿದ್ದಿದ್ದು ಕೈಯಾಗ ಕೆಲಸ ಅದ, ಕಲೀತಾರ ಅನ್ನೋರ ಮ್ಯಾಲ. ನಿನ್ನ ಮ್ಯಾಲಿನ ಸಿಟ್ಟು ಅವತ್ತ ಕಚೇರ್ಯಾಗ ಬಿಟ್ಟು ಬಂದೀನಿ ಅಂತ ಹೇಳಿದ್ದರು.”